ಮನ್ನಾರ್ ಕೊಲ್ಲಿಯ ಹವಳವೂ ಸ್ಪಂಜೂ

ರಾಮೇಶ್ವರದ ಯಾತ್ರೆಯು ನಮ್ಮ ನಾಡಿನ ಗೃಹಸ್ಥರಿಗೆ ಹೊಸದೇನೂ ಅಲ್ಲ. ಅಗ್ನಿತೀರ್ಥದಲ್ಲಿ ಮುಳುಗಿ, ದೇವಾಲಯದೊಳಗಿನ ೨೨ ತೀರ್ಥಗಳ ನೀರನ್ನು ತಲೆಗೆ ಹೊಯ್ಯಿಸಿಕೊಂಡು, ಆ ನೀಳವಾದ ಪ್ರಾಕಾರಗಳನ್ನು ಸುತ್ತಿ, ಧನುಷ್ಕೋಟಿಯವರೆಗೆ ಹೋಗಿ, ಶಂಖವನ್ನೋ ಚಿಪ್ಪಿನ ಸರವನ್ನೋ ಕೊಂಡು ಊರಿಗೆ ಹಿಂದಿರುಗುವುದು ವಾಡಿಕೆ. ರೈಲು ಪಾಂಬನ್ ಜಲಸಂಧಿಯನ್ನು ದಾಟುವಾಗ ಎಲ್ಲರೂ ಕಿಟಕಿಗೆ ಮುಖವಿಟ್ಟು ನೀರನ್ನು ನೋಡುತ್ತಾರೆ. ೧೯೧೪ರಲ್ಲಿ ತೆರೆದ ಹಳೆಯ ಸೇತುವೆಯ ಕೆಲಸವನ್ನು ೨೦೨೫ರ ಏಪ್ರಿಲಿನಿಂದ ಅದರ ಪಕ್ಕದ ಹೊಸ ಸೇತುವೆಯು ವಹಿಸಿಕೊಂಡಿದೆ. ನೀರು ಮಾತ್ರ ಹಿಂದಿನಂತೆಯೇ ಒಂದು ಕಡೆ ಹಸುರು, ಒಂದು ಕಡೆ ನೀಲಿ. ಆ ನೀರಿನ ತಳದಲ್ಲಿ ಏನಿದೆಯೆಂದು ವಿಚಾರಿಸುವವರು ವಿರಳ. ಈ ಸಲದ ಯಾತ್ರೆಯಲ್ಲಿ ನಾವು ಎರಡು ದಿನಗಳನ್ನು ಅದಕ್ಕಾಗಿಯೇ ಮೀಸಲಿಟ್ಟೆವು. ಕಂಡದ್ದನ್ನೂ ತಿಳಿದುಕೊಂಡದ್ದನ್ನೂ ವಾಚಕರ ಮುಂದೆ ಇಡುತ್ತೇವೆ.

ಸೇತುವೆಗೆ ಉತ್ತರದಲ್ಲಿರುವುದು ಪಾಕ್ ಕೊಲ್ಲಿ, ದಕ್ಷಿಣದಲ್ಲಿರುವುದು ಮನ್ನಾರ್ ಕೊಲ್ಲಿ. ರಾಮೇಶ್ವರದಿಂದ ತೂತುಕುಡಿಯವರೆಗೆ ದಡಕ್ಕೆ ಸಮಾನಾಂತರವಾಗಿ ೨೧ ಪುಟ್ಟ ದ್ವೀಪಗಳು ಮಣಿಸರದಂತೆ ಹಬ್ಬಿವೆ ಎಂದು ಪುಸ್ತಕಗಳು ಹೇಳುತ್ತವೆ. ೧೯೮೬ರಲ್ಲಿ ಈ ದ್ವೀಪಗಳನ್ನೂ ಸುತ್ತಲಿನ ನೀರನ್ನೂ ಕಡಲಿನ ರಾಷ್ಟ್ರೀಯ ಉದ್ಯಾನವೆಂದು ಸರ್ಕಾರವು ಘೋಷಿಸಿತು. ಆದರೆ ಈಗ ಹೋಗಿ ಎಣಿಸಿದರೆ ಲೆಕ್ಕ ಸರಿಹೋಗುವುದಿಲ್ಲ. ಪೂವರಸನ್‌ಪಟ್ಟಿ, ವಿಲಾಂಗುಚಲ್ಲಿ ಎಂಬ ಎರಡು ದ್ವೀಪಗಳು ನೀರಿನ ಮೇಲೆ ಇಲ್ಲ. ಅವು ಎಲ್ಲಿ ಹೋದುವೆಂಬುದನ್ನು ಅರಿಯಬೇಕಾದರೆ ಹವಳವೆಂದರೇನು, ಸ್ಪಂಜೆಂದರೇನು, ಅವೆರಡರ ಸಂಸಾರ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಮಂಡಪದ ಬಳಿ ಪಾಕ್ ಕೊಲ್ಲಿಯ ದಡದಿಂದ ತಳಕ್ಕೆ ಗಾಜನ್ನು ಕೂಡಿಸಿದ ದೋಣಿಗಳು ಹೊರಡುತ್ತವೆ. ಬೆಳಗ್ಗೆ ಗಾಳಿ ಏಳುವುದಕ್ಕೆ ಮುಂಚೆ ನಾವು ಅಂತಹ ಒಂದು ದೋಣಿಯಲ್ಲಿ ಕುಳಿತೆವು. ಮೊದಲು ಮರಳು, ಆಮೇಲೆ ಕಡಲಹುಲ್ಲಿನ ಬಯಲು, ಅದಾದ ಮೇಲೆ ಹವಳದ ದಿಬ್ಬ. ನೆಲದ ಮೇಲಿನ ಕೈತೋಟವೊಂದನ್ನು ಅಟ್ಟದ ಮೇಲಿನಿಂದ ಬಗ್ಗಿ ನೋಡಿದ ಹಾಗಿತ್ತು. ಜಿಂಕೆಯ ಕೊಂಬಿನಂತೆ ಕವಲೊಡೆದ ಪೊದೆಗಳು, ರುಬ್ಬುವ ಗುಂಡಿನಂತಹ ಉರುಟು ಬಂಡೆಗಳು, ಎಲೆಕೋಸಿನ ಮಡಿಕೆಗಳಂತಹ ಹಲಗೆಗಳು; ಅವುಗಳ ಸಂದುಗೊಂದಿಗಳಲ್ಲಿ ಕುಂಕುಮದ ಬಣ್ಣದ, ಅರಸಿನದ ಬಣ್ಣದ, ಮಸಿಯಂತೆ ಕಪ್ಪಾದ ಮೆತ್ತನೆಯ ಮುದ್ದೆಗಳು.

ನಮ್ಮ ಜೊತೆಯಲ್ಲಿದ್ದ ಅತ್ತಿಗೆಯವರು ಗಾಜಿನ ಮೇಲೆ ಬಾಗಿ, “ಇದೇನು, ಗಿಡವೇ, ಕಲ್ಲೇ?” ಎಂದು ಕೇಳಿದರು. ದೋಣಿಯವನಿಗೆ ಕನ್ನಡ ಬಾರದಿದ್ದರೂ ಪ್ರಶ್ನೆಯು ತಿಳಿಯಿತು. ದಿನವೂ ಅದನ್ನೇ ಕೇಳುವವನು ಅವನು. “ಎರಡೂ ಇಲ್ಲೈ ಅಮ್ಮಾ, ಉಯಿರು” ಎಂದ. ಉಯಿರೆಂದರೆ ಜೀವ. ಗಟ್ಟಿಯಾದ ಪೊದೆಗಳನ್ನು ತೋರಿಸಿ ‘ಪವಳಪ್ಪಾರೈ’ ಎಂದೂ, ಮೆತ್ತನೆಯ ಮುದ್ದೆಗಳನ್ನು ತೋರಿಸಿ ‘ಕಡಲ್ ಪಂಜು’ ಎಂದೂ ಹೆಸರು ಹೇಳಿದ. ಪವಳವು ನಮ್ಮ ಹವಳವೇ. ಪಂಜೆಂದರೆ ತಮಿಳಿನಲ್ಲಿ ಹತ್ತಿ. ಸ್ಪಂಜಿಗೆ ಕಡಲ ಹತ್ತಿಯೆಂಬ ಆ ಹೆಸರು ನಮಗೆ ಬಹಳ ಒಪ್ಪಿಗೆಯಾಯಿತು.

ಅತ್ತಿಗೆಯವರಿಗೆ ಬಂದ ಸಂದೇಹವು ಯೂರೋಪಿನ ದೊಡ್ಡ ಪಂಡಿತರನ್ನೂ ಬಹುಕಾಲ ಕಾಡಿದ್ದು. ೧೭೦೬ರಲ್ಲಿ ಮಾರ್ಸಿಲಿ ಎಂಬ ಇಟಲಿಯ ವಿದ್ವಾಂಸನು ಹವಳದ ಕೊಂಬೆಯನ್ನು ಕಡಲನೀರಿನಲ್ಲಿಟ್ಟು, ಅದರಲ್ಲಿ ಬಿಳಿಯ ಹೂಗಳು ಅರಳಿದುದನ್ನು ಕಂಡು, ಇದು ಗಿಡವೇ ಸರಿಯೆಂದು ಸಾರಿದನು. ಮಾರ್ಸೇಲ್ಸಿನ ವೈದ್ಯನಾದ ಪೇಸೊನೆಲ್ ಎಂಬವನು ಆಫ್ರಿಕದ ಉತ್ತರ ತೀರದಲ್ಲಿ ಅದೇ ಪರೀಕ್ಷೆಯನ್ನು ಮಾಡಿ, ಆ ‘ಹೂ’ಗಳು ಹೂಗಳಲ್ಲ, ಬಾಯಿ ತೆರೆಯುವ ಪ್ರಾಣಿಗಳು ಎಂದು ಕಂಡುಕೊಂಡನು. ಆದರೆ ೧೭೨೭ರಲ್ಲಿ ಪ್ಯಾರಿಸಿನ ವಿದ್ವತ್ಸಭೆಯಲ್ಲಿ ಈ ಸಂಗತಿಯನ್ನು ಮಂಡಿಸಿದ ರಿಯೋಮರನು ಅದನ್ನು ಕಂಡವನ ಹೆಸರನ್ನೇ ಹೇಳಲಿಲ್ಲ. ಸಭಿಕರು ನಕ್ಕಾರು, ಪಾಪ ಆತನ ಮಾನ ಉಳಿಯಲಿ ಎಂಬ ದಯೆ! ನಿಜವು ಹೊರಬಿದ್ದಾಗ ಆ ದಯೆಯಿಂದ ಪೇಸೊನೆಲನಿಗಾದ ಲಾಭವೇನೋ ನಾವು ಕಾಣೆವು. ಸ್ಪಂಜಿನ ವಿಷಯವು ಇನ್ನೂ ನೂರು ವರ್ಷ ತಡವಾಯಿತು. ಎಡಿನ್ಬರೋದ ರಾಬರ್ಟ್ ಗ್ರಾಂಟನು ೧೮೨೫ರ ಸುಮಾರಿನಲ್ಲಿ ಜೀವಂತ ಸ್ಪಂಜೊಂದನ್ನು ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಲು, ಅದರ ದೊಡ್ಡ ರಂಧ್ರದಿಂದ ಚಿಲುಮೆಯಂತೆ ನೀರು ಎಡೆಬಿಡದೆ ಹೊರಕ್ಕೆ ಚಿಮ್ಮುವುದನ್ನು ಕಂಡನು. ಅಲ್ಲಿಂದ ಮುಂದೆ ಸ್ಪಂಜು ಪ್ರಾಣಿಗಳ ಪಂಕ್ತಿಯಲ್ಲಿ ಕುಳಿತಿತು.

ಹೊರಗಿನಿಂದ ನೋಡಿದರೆ ಹವಳಕ್ಕೂ ಸ್ಪಂಜಿಗೂ ಹೋಲಿಕೆಯು ಬಹಳ. ಎರಡೂ ಕದಲದೆ ಒಂದೆಡೆ ನೆಲಸಿರುವುವು. ಎರಡಕ್ಕೂ ತಲೆಯಿಲ್ಲ, ಕಣ್ಣಿಲ್ಲ, ಹೃದಯವಿಲ್ಲ. ಎರಡರ ಮರಿಗಳೂ ಕಣ್ಣಿಗೆ ಕಾಣದಷ್ಟು ಚಿಕ್ಕವಾಗಿದ್ದು, ಕೆಲವು ಗಂಟೆಗಳೋ ದಿನಗಳೋ ನೀರಿನಲ್ಲಿ ಈಜಾಡಿ, ಮನಸ್ಸಿಗೆ ಬಂದ ಕಲ್ಲನ್ನು ಹಿಡಿದು, ಆಮೇಲೆ ಜೀವಮಾನವೆಲ್ಲ ಅಲ್ಲಿಯೇ ಕಳೆಯುವುವು. ಮುರಿದ ತುಂಡು ಬೇರೊಂದು ಕಡೆ ಬದುಕಿಕೊಳ್ಳುವುದೂ ಎರಡಕ್ಕೂ ಸಾಮಾನ್ಯ. ಒಳಗೆ ಹೊಕ್ಕು ನೋಡಿದರೆ ಮಾತ್ರ ಇವು ಒಂದೇ ಓಣಿಯಲ್ಲಿ ಎದುರುಬದುರಾಗಿ ವಾಸಿಸುವ, ಕುಲ ಗೋತ್ರ ಯಾವುದೂ ಕೂಡದ ಎರಡು ಮನೆತನಗಳು.

ಸ್ಪಂಜಿನಲ್ಲಿ ಬಾಯೆಂಬುದು ಇಲ್ಲ, ಹೊಟ್ಟೆಯಿಲ್ಲ, ನರವಿಲ್ಲ, ಮಾಂಸಖಂಡವಿಲ್ಲ. ಅದರ ಮೈಯೆಲ್ಲ ಸಣ್ಣ ರಂಧ್ರಗಳು, ರಂಧ್ರಗಳಿಂದ ಒಳಕ್ಕೆ ಕಾಲುವೆಗಳು, ಕಾಲುವೆಗಳ ನಡುವೆ ಸಣ್ಣ ಕೋಣೆಗಳು. ಕೋಣೆಯ ಗೋಡೆಯ ಪ್ರತಿಯೊಂದು ಕಣಕ್ಕೂ ಚಾವಟಿಯಂತಹ ಒಂದು ಎಳೆಯಿರುವುದು. ಲಕ್ಷಾಂತರ ಚಾವಟಿಗಳು ಹಗಲಿರುಳೂ ಬೀಸುತ್ತಿರುವುದರಿಂದ ನೀರು ಸಣ್ಣ ರಂಧ್ರಗಳ ಮೂಲಕ ಒಳಹೊಕ್ಕು, ದೊಡ್ಡ ರಂಧ್ರದ ಮೂಲಕ ಹೊರಬೀಳುವುದು. ದಾರಿಯಲ್ಲಿ ಅದರೊಳಗಿನ ಅಣುಜೀವಿಗಳೂ ಆಹಾರದ ಕಣಗಳೂ ಸೋಸಿಹೋಗುವುವು. ಹತ್ತು ಸೆಂಟಿಮೀಟರು ಎತ್ತರ, ಬೆರಳಿನ ದಪ್ಪವಿರುವ ಲ್ಯೂಕಾಂಡ್ರವೆಂಬ ಸ್ಪಂಜಿನೊಳಗೆ ೨೦ ಲಕ್ಷಕ್ಕೂ ಮಿಕ್ಕ ಕೋಣೆಗಳಿದ್ದು, ಅದು ಒಂದು ದಿನಕ್ಕೆ ೨೨ ಲೀಟರಿಗೂ ಹೆಚ್ಚು ನೀರನ್ನು ಸೋಸುತ್ತದೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಹಿತ್ತಿಲ ಬಾವಿಯಿಂದ ಎರಡು ಕೊಡ ನೀರು ಸೇದಿದವರಿಗೆ ಬೆರಳುದ್ದದ ಪ್ರಾಣಿಯ ಈ ಶ್ರಮದ ಬೆಲೆ ತಿಳಿದೀತು.

ಮೈ ಕುಸಿಯದಂತೆ ಹಿಡಿದಿರಲು ಕೆಲವು ಸ್ಪಂಜುಗಳು ಗಾಜಿನ ದ್ರವ್ಯದಿಂದ, ಕೆಲವು ಸುಣ್ಣದಿಂದ ಸೂಜಿಗಳಂತಹ ಮುಳ್ಳುಗಳನ್ನು ಮಾಡಿಕೊಳ್ಳುವುವು. ಮತ್ತೆ ಕೆಲವು ರೇಷ್ಮೆಯನ್ನು ಹೋಲುವ ನಾರನ್ನು ನೇಯ್ದುಕೊಳ್ಳುವುವು. ಹಿಂದೆ ಶಾಲೆಯ ಮಕ್ಕಳ ಸ್ಲೇಟನ್ನು ಒರೆಸಿದ, ದೊರೆಗಳ ಸ್ನಾನದ ಮನೆಯಲ್ಲಿದ್ದ ಸ್ಪಂಜು ಈ ನಾರಿನ ಪಂಜರವಷ್ಟೇ. ಪ್ರಾಣಿಯು ಸತ್ತು ಕೊಳೆತು ತೊಳೆದುಹೋದ ಮೇಲೆ ಉಳಿದದ್ದು. ಅಂತಹವು ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದಿಂದ ಬರುತ್ತಿದ್ದುವು. ಈಗ ಅಂಗಡಿಗಳಲ್ಲಿ ಸಿಕ್ಕುವುದು ಬಹುಮಟ್ಟಿಗೆ ಕಾರ್ಖಾನೆಯ ಸರಕು, ಅದಕ್ಕೂ ಕಡಲಿಗೂ ಸಂಬಂಧವಿಲ್ಲ.

ಸ್ಪಂಜಿನ ಮೈ ಎಷ್ಟು ಸಡಿಲವಾದ ಕೂಟವೆಂಬುದನ್ನು ೧೯೦೭ರಲ್ಲಿ ವಿಲ್ಸನ್ ಎಂಬ ಅಮೆರಿಕದ ವಿಜ್ಞಾನಿಯು ತೋರಿಸಿದನು. ನಮ್ಮ ಹೆಂಗಸರು ಹುಣಿಸೆಹಣ್ಣಿನ ರಸವನ್ನು ಸೋಸುವಂತೆ, ಆತನು ಜೀವಂತ ಸ್ಪಂಜನ್ನು ನವುರಾದ ರೇಷ್ಮೆಯ ಬಟ್ಟೆಯಲ್ಲಿಟ್ಟು ನೀರಿನೊಳಕ್ಕೆ ಹಿಂಡಿದನು. ಕಣಗಳೆಲ್ಲ ಬಿಡಿಬಿಡಿಯಾಗಿ ಪಾತ್ರೆಯ ತಳಕ್ಕೆ ಇಳಿದುವು. ಆಮೇಲೆ ಒಂದನ್ನೊಂದು ಅರಸಿ ಹರಿದಾಡಿ, ಗುಂಪುಗೂಡಿ, ದಿನಗಳು ಕಳೆಯುವಷ್ಟರಲ್ಲಿ ಮತ್ತೆ ಸ್ಪಂಜುಗಳಾಗಿ ನಿಂತುವು. ಹವಳವನ್ನು ಹೀಗೆ ಹಿಂಡಿದರೆ ಹವಳವು ಎದ್ದು ಬರುವುದಿಲ್ಲ. ಅದು ಸ್ಪಂಜಿಗಿಂತ ಒಂದು ಮೆಟ್ಟಲು ಮೇಲಿನ ಕಟ್ಟಡ.

ಹವಳದ ಒಂದೊಂದು ಜೀವಿಯೂ ಒಂದು ಪುಟ್ಟ ಚೀಲ. ಚೀಲದ ಮೇಲುಗಡೆ ಬಾಯಿ, ಬಾಯಿಯ ಸುತ್ತಲೂ ಬೆರಳಿನಂತಹ ಎಳೆಗಳು, ಎಳೆಗಳಲ್ಲಿ ತುರಚೆಯ ಸೊಪ್ಪಿನಂತೆ ಚುಚ್ಚುವ ವಿಷದ ಕಣಗಳು. ಇದಕ್ಕೆ ನರಗಳ ಬಲೆಯಿದೆ, ಮುದುಡಿಕೊಳ್ಳಲು ಬಲವಿದೆ, ತಿಂದದ್ದನ್ನು ಅರಗಿಸುವ ಹೊಟ್ಟೆಯಿದೆ. ಸ್ಪಂಜು ಸೋಸಿ ತಿನ್ನುವ ಪ್ರಾಣಿಯಾದರೆ, ಹವಳವು ಹಿಡಿದು ತಿನ್ನುವ ಪ್ರಾಣಿ. ರಾತ್ರಿಯ ಹೊತ್ತು ಎಳೆಗಳನ್ನು ಚಾಚಿ, ತೇಲಿಬರುವ ಸೂಕ್ಷ್ಮ ಜೀವಿಗಳನ್ನು ಹಿಡಿಯುವುದು. ಹಗಲಿನಲ್ಲಿ ಬಹುಪಾಲು ಮುದುಡಿಕೊಂಡಿರುವುದು. ದೋಣಿಯಿಂದ ನಾವು ಕಂಡದ್ದು ಈ ಮುದುಡಿದ ರೂಪವನ್ನು.

ಆದರೆ ಆ ಬೇಟೆಯಿಂದಲೇ ಹವಳದ ಹೊಟ್ಟೆ ತುಂಬುವುದಿಲ್ಲ. ಬೆಚ್ಚನೆಯ ಕಡಲಿನ ನೀರು ತಿಳಿಯಾಗಿರುವುದೇ ಅದರಲ್ಲಿ ಆಹಾರವು ಕಡಮೆಯೆಂಬುದಕ್ಕೆ ಗುರುತು. ದಿಬ್ಬವನ್ನು ಕಟ್ಟುವ ಹವಳಗಳು ಈ ತೊಂದರೆಗೆ ಕಂಡುಕೊಂಡ ಉಪಾಯವು ಮನೆಯಲ್ಲಿ ಬಾಡಿಗೆದಾರರನ್ನು ಇಟ್ಟುಕೊಳ್ಳುವುದು. ಅವುಗಳ ಮೈಯ ಕಣಗಳೊಳಗೆ ಒಂದು ಬಗೆಯ ಸೂಕ್ಷ್ಮವಾದ ಪಾಚಿಯು ವಾಸಿಸುತ್ತದೆ. ಪಾಚಿಯು ಬಿಸಿಲಿನಿಂದ ಸಕ್ಕರೆಯನ್ನು ಮಾಡಿ ಅದರ ದೊಡ್ಡ ಪಾಲನ್ನು ಮನೆಯೊಡೆಯನಿಗೆ ಬಾಡಿಗೆಯಾಗಿ ಸಲ್ಲಿಸುವುದು. ಒಡೆಯನ ಮೈಯಿಂದ ಬಂದ ಕಸವು ಪಾಚಿಗೆ ಗೊಬ್ಬರವಾಗುವುದು. ಹವಳಕ್ಕೆ ಕಂದು, ಹಸುರು ಬಣ್ಣಗಳು ಬರುವುದು ಈ ಬಾಡಿಗೆದಾರರಿಂದಲೇ. ಈ ಸಂಪಾದನೆಯ ಬಲದಿಂದ ಹವಳವು ಕಡಲನೀರಿನಲ್ಲಿರುವ ಸುಣ್ಣವನ್ನು ತೆಗೆದು ತನ್ನ ಕೆಳಗೆ ಕಲ್ಲಿನ ಬಟ್ಟಲನ್ನು ಕಟ್ಟುತ್ತದೆ. ಅದರ ಮೇಲೆ ಮತ್ತೊಂದು, ಅದರ ಮೇಲೆ ಇನ್ನೊಂದು. ಕವಲುಹವಳವು ಒಂದು ವರ್ಷಕ್ಕೆ ಗೇಣಿನ ಅರ್ಧದಷ್ಟು ಬೆಳೆದರೆ ಉರುಟು ಹವಳವು ಅರ್ಧ ಅಂಗುಲವೂ ಬೆಳೆಯದು. ಸ್ಪಂಜುಗಳಲ್ಲಿಯೂ ಇಂತಹ ಒಳವಾಸಿಗಳನ್ನು ಇಟ್ಟುಕೊಂಡವು ಉಂಟು. ಆದರೆ ಆ ಸಂಪಾದನೆಯಿಂದ ದ್ವೀಪಗಳನ್ನು ಹೊರುವಷ್ಟು ಕಲ್ಲನ್ನು ಕೂಡಿಸಿಟ್ಟದ್ದು ಈ ಕೊಲ್ಲಿಯಲ್ಲಿ ಹವಳವೇ.

ನಮ್ಮ ಹೆಣ್ಣುಮಕ್ಕಳು ತಾಳಿಯ ಜೊತೆಯಲ್ಲಿ ಕರಿಮಣಿಯ ನಡುವೆ ಪೋಣಿಸಿಕೊಳ್ಳುವ ಕೆಂಪು ಹವಳವು ಇದೇಯೋ ಎಂದು ಅತ್ತಿಗೆಯವರು ಕೇಳಿದರು. ಅಲ್ಲ. ಅದು ಮೆಡಿಟರೇನಿಯನ್ ಸಮುದ್ರದ ಬೇರೊಂದು ಜಾತಿ. ಪೇಸೊನೆಲನು ಪರೀಕ್ಷಿಸಿದುದು ಆ ಜಾತಿಯನ್ನೇ. ಅದರ ಪ್ರತಿಯೊಂದು ‘ಹೂ’ವಿಗೂ ಎಂಟು ಎಳೆಗಳು, ಬಿಸಿಲಿನ ಬಾಡಿಗೆದಾರರಿಲ್ಲ, ಮಬ್ಬುಗತ್ತಲೆಯಲ್ಲಿ ಮೆಲ್ಲಮೆಲ್ಲನೆ ಬೆಳೆಯುವಂಥದು. ಮನ್ನಾರ್ ಕೊಲ್ಲಿಯ ಹವಳಕ್ಕೆ ಆಭರಣದ ಯೋಗವಿಲ್ಲ. ಅದರ ಸುಣ್ಣದ ಕಲ್ಲಿಗೆ ಮಾತ್ರ ಗಿರಾಕಿಗಳು ಇದ್ದರು. ಅದೇ ಅದಕ್ಕೆ ಮುಳುವಾಯಿತು.

ಮರುದಿನ ಮಂಡಪದಲ್ಲಿ ಕಡಲಿನ ಮೀನುಗಾರಿಕೆಯ ಸಂಶೋಧನೆಗಾಗಿ ೧೯೪೭ರಲ್ಲಿ ಹುಟ್ಟಿದ ಕೇಂದ್ರ ಸಂಸ್ಥೆಯ ಶಾಖೆಯ ಹೊರಗಿನ ದಾರಿಯಲ್ಲಿ ನಡೆಯುತ್ತ, ನಾವು ಈ ಎರಡು ಪ್ರಾಣಿಗಳ ವ್ಯವಹಾರವನ್ನು ಕುರಿತೇ ಮಾತನಾಡಿದೆವು. ಹವಳದ ದಿಬ್ಬವೆಂಬುದು ಒಂದು ಜಮಾ ಖರ್ಚಿನ ಪುಸ್ತಕ. ಹವಳವು ಜಮಾ ಕಟ್ಟುವುದು. ಖರ್ಚು ಬರೆಯುವವರು ಅನೇಕರು: ಅಲೆಗಳು, ಹವಳವನ್ನು ಕಚ್ಚಿ ತಿನ್ನುವ ಗಿಳಿಮೀನುಗಳು, ಇವರೊಡನೆ ಕ್ಲಿಯೋನವೆಂಬ ಕೊರೆಯುವ ಸ್ಪಂಜು. ಈ ಸ್ಪಂಜು ಹವಳದ ಕಲ್ಲನ್ನು ತನ್ನ ರಸದಿಂದ ಕೆತ್ತಿ, ಕಣ್ಣಿಗೆ ಕಾಣದ ಚಕ್ಕೆಗಳನ್ನಾಗಿ ಬಿಡಿಸಿ, ಒಳಗೆ ಗೆದ್ದಲಿನಂತೆ ಸುರಂಗಗಳನ್ನು ತೋಡಿ ಅಲ್ಲಿಯೇ ವಾಸಿಸುವುದು. ಹೊರಗೆ ಕಾಣುವುದು ಸಾಸಿವೆ, ಕಡಲೆಯ ಗಾತ್ರದ ರಂಧ್ರಗಳು ಮಾತ್ರ. ಮುತ್ತಿನ ಚಿಪ್ಪುಗಳನ್ನೂ ಇದು ಬಿಡುವುದಿಲ್ಲ; ೧೯೬೧ರಲ್ಲಿ ಕೊನೆಯ ಸಲ ನಡೆದ ತೂತುಕುಡಿಯ ಮುತ್ತಿನ ಬೇಟೆಯ ಕಾಲದವರಿಗೆ ಇದು ಪರಿಚಿತವಾದ ಪಿಡುಗು. ಮತ್ತೊಂದು ಜಾತಿಯ ಕಪ್ಪು ಸ್ಪಂಜಂತೂ ಜೀವಂತ ಹವಳದ ಮೇಲೆಯೇ ಕಂಬಳಿಯಂತೆ ಹಬ್ಬಿ ಅದನ್ನು ಉಸಿರುಕಟ್ಟಿಸುವುದು. ಅದು ಪಾಕ್ ಕೊಲ್ಲಿಯಲ್ಲಿಯೂ ಕಾಣಿಸಿಕೊಂಡಿದೆ.

ಇಷ್ಟರಿಂದಲೇ ಸ್ಪಂಜನ್ನು ಕಳ್ಳನೆಂದು ಕರೆದರೆ ಅನ್ಯಾಯವಾದೀತು. ಮುರಿದುಬಿದ್ದ ಹವಳದ ಚೂರುಗಳು ಅಲೆಗೆ ಉರುಳಿಹೋಗದಂತೆ ಅವನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವುದೂ ಸ್ಪಂಜೇ; ಹಾಗೆ ನಿಂತ ಚೂರಿನ ಮೇಲೆ ಹೊಸ ಹವಳವು ಬೇರೂರುವುದು. ಅಷ್ಟೇ ಅಲ್ಲದೆ, ಹವಳವೂ ಪಾಚಿಗಳೂ ನೀರಿನಲ್ಲಿ ಕರಗಿಸಿ ಬಿಟ್ಟ ಸತ್ವವನ್ನು ಮೀನು ಏಡಿಗಳು ತಿನ್ನಲಾರವು. ಸ್ಪಂಜು ಅದನ್ನು ಹೀರಿ ಮೈಗೂಡಿಸಿಕೊಂಡು, ತನ್ನ ಹಳೆಯ ಕಣಗಳನ್ನು ಉದುರಿಸುವುದರ ಮೂಲಕ, ಎಲ್ಲರೂ ತಿನ್ನುವ ರೂಪದಲ್ಲಿ ಹಿಂದಕ್ಕೆ ಕೊಡುತ್ತದೆಂದು ಕೆರಿಬಿಯನ್ ಸಮುದ್ರದಲ್ಲಿ ಪರೀಕ್ಷೆ ಮಾಡಿದವರು ೨೦೧೩ರಲ್ಲಿ ಪ್ರಕಟಿಸಿದರು. ಅನ್ನ ಬಸಿದ ಗಂಜಿಯನ್ನು ಚೆಲ್ಲದೆ ದನಕ್ಕೆ ಹಾಕಿ ಹಾಲಾಗಿಸುವ ಸಂಸಾರವಂದಿಗೆ ಇದು. ಅದೇ ಕೆರಿಬಿಯನ್ನಿನ ಸ್ಪಂಜೊಂದರಲ್ಲಿ ೧೯೫೦ರ ಸುಮಾರಿಗೆ ಬರ್ಗ್‌ಮನ್ ಎಂಬವನು ಕಂಡ ವಿಚಿತ್ರ ದ್ರವ್ಯಗಳ ಜಾಡನ್ನು ಹಿಡಿದು ಸೈಟರಬೀನ್ ಎಂಬ ಔಷಧವು ಸಿದ್ಧವಾಯಿತು. ರಕ್ತದ ಕ್ಯಾನ್ಸರಿಗೆ ಇಂದಿಗೂ ವೈದ್ಯರು ಅದನ್ನು ಕೊಡುತ್ತಾರೆ. ಓಡಲಾರದ, ಕಚ್ಚಲಾರದ ಪ್ರಾಣಿಯು ತನ್ನ ರಕ್ಷಣೆಗೆ ಇಂತಹ ರಸಗಳನ್ನು ಕೂಡಿಟ್ಟುಕೊಳ್ಳಬೇಕಾದದ್ದು ಸಹಜವೇ.

ಜಮಾ ಖರ್ಚುಗಳು ಸರಿತೂಗುವವರೆಗೆ ದಿಬ್ಬಕ್ಕೆ ಕೇಡಿಲ್ಲ. ಕೆಟ್ಟದ್ದು ಜಮಾದ ಕಡೆಯಲ್ಲಿ. ಬಹುಕಾಲದಿಂದ ಸುಣ್ಣಕ್ಕೂ ಕಟ್ಟಡಕ್ಕೂ ಈ ಕೊಲ್ಲಿಯಿಂದ ಹವಳದ ಕಲ್ಲನ್ನು ಅಗೆದು ದೋಣಿಗಳಲ್ಲಿ ತುಂಬಿ ಒಯ್ಯುತ್ತಿದ್ದರು. ಅಗೆದವರು ಬಡವರು, ದಡದಲ್ಲಿ ಬೇರೆ ಕೂಲಿಯಿಲ್ಲದವರು. ಅವರನ್ನು ಬೈದು ಪ್ರಯೋಜನವಿಲ್ಲ. ೨೦೦೧ರಲ್ಲಿ ದಿಬ್ಬಕಟ್ಟುವ ಹವಳಗಳನ್ನು ವನ್ಯಜೀವಿ ರಕ್ಷಣೆಯ ಕಾನೂನಿನ ಮೊದಲನೆಯ ಪಟ್ಟಿಗೆ, ಎಂದರೆ ಹುಲಿಯಿರುವ ಪಟ್ಟಿಗೆ, ಸೇರಿಸಿದ ಮೇಲೆ ಅಗೆತವು ಕ್ರಮೇಣ ನಿಂತಿತು. ಅಷ್ಟರಲ್ಲಿ ಆ ಎರಡು ದ್ವೀಪಗಳ ಮುಂದಿದ್ದ ದಿಬ್ಬದ ತಡೆಗೋಡೆಯು ಹೋಗಿ, ಅಲೆಗಳು ಮರಳನ್ನು ಕೊಚ್ಚಿ, ಅವು ಮುಳುಗಿಹೋಗಿದ್ದುವು. ತೂತುಕುಡಿಯ ಬಳಿಯ ವಾನ್ ದ್ವೀಪವೂ ಬಹಳ ಸವೆದು, ಅದರ ಮುಂದೆ ಸರ್ಕಾರವು ಕಾಂಕ್ರೀಟಿನ ಕೃತಕ ದಿಬ್ಬಗಳನ್ನು ಇಳಿಸಬೇಕಾಯಿತು.

ಮನುಷ್ಯರ ಗುದ್ದಲಿ ನಿಂತರೂ ಬಿಸಿಲಿನ ಕಾಟವು ನಿಂತಿಲ್ಲ. ಬೇಸಗೆಯಲ್ಲಿ ನೀರಿನ ಶಾಖವು ವಾಡಿಕೆಗಿಂತ ಒಂದೆರಡು ಡಿಗ್ರಿ ಏರಿ ಕೆಲವು ವಾರ ಹಾಗೆಯೇ ನಿಂತರೆ, ಹವಳಕ್ಕೂ ಅದರ ಬಾಡಿಗೆದಾರರಿಗೂ ಹೊಂದಿಕೆ ಕೆಡುತ್ತದೆ. ಹವಳವು ಪಾಚಿಯನ್ನು ಹೊರದೂಡಿ, ಬಣ್ಣ ಕಳೆದುಕೊಂಡು, ಎಲುಬಿನಂತೆ ಬೆಳ್ಳಗಾಗುವುದು. ಬೆಳ್ಳಗಾದ ಕೂಡಲೆ ಸತ್ತಿತೆಂದಲ್ಲ. ಬೇಗನೆ ತಂಪಾದರೆ ಪಾಚಿಯು ಹಿಂದಿರುಗುವುದು. ತಡವಾದರೆ ಹವಳವು ಉಪವಾಸದಿಂದ ಸಾಯುವುದು. ಮನ್ನಾರ್ ಕೊಲ್ಲಿಯಲ್ಲಿ ೧೯೯೮, ೨೦೧೦, ೨೦೧೬ನೆಯ ವರ್ಷಗಳಲ್ಲಿ ಹೀಗೆ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಸ್ಪಂಜುಗಳಲ್ಲಿಯೂ ಶಾಖಕ್ಕೆ ಸಾಯುವುವು ಉಂಟಾದರೂ ಹಲವು ಜಾತಿಗಳು ತಾಳಿಕೊಳ್ಳುವುವು. ಸತ್ತ ಹವಳದ ಮೇಲೆ ಪಾಚಿಯೊಡನೆ ತಾವೂ ಹಬ್ಬುವುವು. ದೋಣಿಯಿಂದ ನೋಡುವವನಿಗೆ ಆಗಲೂ ತೋಟವು ಬಣ್ಣಬಣ್ಣವಾಗಿಯೇ ಕಂಡೀತು. ಆದರೆ ಕೊರೆಯುವ ಸ್ಪಂಜು ತನ್ನ ಕೆಲಸವನ್ನು ಬಿಟ್ಟಿರುವುದಿಲ್ಲ, ಕಲ್ಲನ್ನು ಕೂಡಿಸುವವನು ಮಾತ್ರ ಇಲ್ಲ. ೫೦ ಕೋಟಿ ವರ್ಷಗಳಿಗೂ ಹಿಂದಿನ ಬಂಡೆಗಳಲ್ಲಿ ಗುರುತು ಬಿಟ್ಟಿರುವ ಸ್ಪಂಜಿಗೆ ಇಂತಹ ಕಷ್ಟಕಾಲಗಳು ಹೊಸದಲ್ಲ; ಈಗಿನ ಕಲ್ಲುಹವಳಗಳ ವಂಶವಾದರೋ ಸುಮಾರು ೨೪ ಕೋಟಿ ವರ್ಷಗಳದು. ಸ್ಪಂಜು ಉಳಿದುಕೊಂಡೀತು. ಅದರ ಹಿಂದಿರುವ ದ್ವೀಪವೂ ಮೀನುಗಾರರ ಹಳ್ಳಿಯೂ ಉಳಿಯುತ್ತವೆಯೇ ಎಂಬುದು ಬೇರೆ ಮಾತು.

ಹವಳವನ್ನು ಮತ್ತೆ ನೆಡುವ ಪ್ರಯತ್ನವೂ ನಡೆಯುತ್ತಿದೆ. ತೂತುಕುಡಿಯ ಸಂಶೋಧಕರು ೨೦೦೨ರಿಂದ ಹವಳದ ಕವಲುಗಳನ್ನು ಕಾಂಕ್ರೀಟಿನ ಚೌಕಟ್ಟುಗಳಿಗೆ ಕಟ್ಟಿ, ಬರಿದಾದ ಜಾಗಗಳಲ್ಲಿ ಇಳಿಸುತ್ತ ಬಂದಿದ್ದಾರೆ. ದಾಸವಾಳದ ಕಡ್ಡಿಯನ್ನು ಮುರಿದು ನೆಡುವಂತೆಯೇ. ಈ ಕೊಲ್ಲಿಯಲ್ಲಿ ೧೧೭ ಜಾತಿಯ ಹವಳಗಳನ್ನು ಪಟ್ಟಿಮಾಡಿದ್ದಾರೆ; ಹೀಗೆ ನೆಡಲು ಸುಲಭವಾದುವು ಬೇಗ ಬೆಳೆಯುವ ಕವಲುಹವಳಗಳು, ಬಿಸಿಗೆ ಮೊದಲು ಬಲಿಯಾಗುವುವೂ ಹೆಚ್ಚಾಗಿ ಅವೇ. ನಮ್ಮ ಕನ್ನಡ ಕರಾವಳಿಯಲ್ಲಿ ಮುರುಡೇಶ್ವರದಿಂದ ಕಾಣುವ ನೇತ್ರಾಣಿ ದ್ವೀಪದ ಸುತ್ತಲೂ ಹವಳವುಂಟು. ಅಲ್ಲಿ ನೀರಿಗಿಳಿದು ನೋಡುವವರು ಬಂಡೆಯನ್ನು ಕಾಲಿನಿಂದ ಮೆಟ್ಟದಿರುವುದು ಲೇಸು. ರಾಮೇಶ್ವರಕ್ಕೆ ಹೋಗುವ ವಾಚಕರಿಗೆ ಇನ್ನೊಂದು ಮಾತು: ಯಾರಾದರೂ ಹವಳದ ಬಿಳಿಯ ಕೊಂಬೆಯನ್ನು ತಂದು ತೋರಿಸಿದರೆ, ಅಗ್ಗವಾಗಿದ್ದರೂ ಕೊಳ್ಳತಕ್ಕದ್ದಲ್ಲ. ಅದು ಅಪರಾಧ.

ಹೊರಡುವ ದಿನ ಧನುಷ್ಕೋಟಿಗೆ ಹೋದೆವು. ೧೯೬೪ರ ಡಿಸೆಂಬರಿನ ಚಂಡಮಾರುತದಲ್ಲಿ ಹಾಳಾದ ಊರಿನ ಇಗರ್ಜಿಯ ಗೋಡೆಗಳು ಮರಳಿನ ನಡುವೆ ಈಗಲೂ ನಿಂತಿವೆ. ಆ ಗೋಡೆಗಳು ಹವಳದ ಕಲ್ಲಿನವು. ಹತ್ತಿರ ಹೋಗಿ ನೋಡಿದರೆ ಒಂದೊಂದು ಕಲ್ಲಿನಲ್ಲಿಯೂ ಹವಳದ ಜೀವಿಗಳು ಕುಳಿತಿದ್ದ ಬಟ್ಟಲುಗಳು ನಕ್ಷತ್ರದ ರಂಗವಲ್ಲಿಯಂತೆ ಸಾಲುಸಾಲಾಗಿ ಕಾಣುತ್ತವೆ. ಅವುಗಳ ನಡುವೆ ಅಲ್ಲಲ್ಲಿ ಗುಂಡಾದ ಸಣ್ಣ ರಂಧ್ರಗಳು. ಅತ್ತಿಗೆಯವರು ಅಂತಹ ರಂಧ್ರವೊಂದರ ಮೇಲೆ ಬೆರಳನ್ನಿಟ್ಟು, “ಇದು ಅದೇ ಕೊರೆಯುವುದರ ಕೆಲಸವಲ್ಲವೇ?” ಎಂದರು. ಹೌದೆಂದೆವು. ಗಾಳಿ ಜೋರಾಗಿತ್ತು, ಕೊನೆಯ ಬಸ್ಸು ಹೊರಡುವ ಹೊತ್ತಾಗಿತ್ತು.